ಅಪ್ಪನ ‘ಕ್ರಾಂತಿ ಕಲ್ಯಾಣ’ದಲ್ಲಿ ಇತಿಹಾಸ ಎಷ್ಟು?

ಪ್ರಶ್ನೆ: ನಾನು ಮುದ್ದೇಬಿಹಾಳದ ಹತ್ತಿರದ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ತಂದೆ ತಾಳಿಕೋಟೆಯ ಒಂದು ಅಡತಿ ಅಂಗಡಿಯಲ್ಲಿ ದಿವಾನಜಿಯಾಗಿ ಲೆಕ್ಕ ಬರೆಯುತ್ತಿದ್ದರು. ಬಿ. ಪುಟ್ಟಸ್ವಾಮಯ್ಯನವರ ‘ಕ್ರಾಂತಿ ಕಲ್ಯಾಣ’ ಕಾದಂಬರಿ ಎಂದರೆ ಅವರಿಗೆ ಜೀವ. ಶ್ರಾವಣ ಬಂದರೆ ರಾತ್ರಿ ಊಟವಾದ ಮೇಲೆ ನಮ್ಮನ್ನೆಲ್ಲ ಕೂಡಿಸಿಕೊಂಡು ಗಟ್ಟಿಯಾಗಿ ಓದುತ್ತಿದ್ದರು. ಹರಳಯ್ಯ, ಮಧುವರಸರ ಸುದ್ದಿ ಬಂದಾಗ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. “ಇದು ಬರೇ ಕಥಿ ಅಲ್ಲವ್ವಾ, ನಮ್ಮ ನೆಲದ ಸುದ್ದಿ” ಎನ್ನುತ್ತಿದ್ದರು. ಅವರು ತೀರಿಕೊಂಡು ಎರಡು ವರ್ಷವಾಯಿತು. ಈಗ ಇತಿಹಾಸದಲ್ಲಿ ಎಂ.ಎ. ಓದುತ್ತಿರುವ ನನ್ನ ಮಗ, “ಅಜ್ಜ ಅಳುತ್ತಿದ್ದ ಆ ಘಟನೆ ಯಾವ ಶಾಸನದಲ್ಲೂ ಇಲ್ಲ, ಪುರಾಣದವರು ಕಟ್ಟಿದ್ದು” ಎನ್ನುತ್ತಾನೆ. ಅಂದಿನಿಂದ ಆ ಪುಸ್ತಕ ತೆರೆಯಲು ಮನಸ್ಸು ಬರುತ್ತಿಲ್ಲ. ಅಪ್ಪ ನಂಬಿದ್ದರಲ್ಲಿ ನಿಜ ಎಷ್ಟು? ಇನ್ನೊಂದು ಮಾತು: ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಅವರು ಪೆನ್ಸಿಲಿನಿಂದ ನಾಲ್ಕು ಊರುಗಳ ಹೆಸರು ಬರೆದಿದ್ದಾರೆ: ಕಾದರವಳ್ಳಿ, ಮುಗುಟಖಾನ ಹುಬ್ಬಳ್ಳಿ, ಕಕ್ಕೇರಿ, ಉಳವಿ. ಮೊದಲ ಮೂರರ ಮುಂದೆ ಸರಿ ಗುರುತು ಇದೆ, ನಾಲ್ಕನೆಯದಕ್ಕೆ ಇಲ್ಲ. ಅಂಗಡಿಯ ವಸೂಲಿ ಪಟ್ಟಿ ಇರಬಹುದೇ? ಪುಸ್ತಕದ ಹೊಲಿಗೆ ಬಿಚ್ಚಿಕೊಳ್ಳುತ್ತಿದೆ, ಏನು ಮಾಡಲಿ?

ಉತ್ತರ: ಸಹೋದರಿಯವರೆ, ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ. ಇದನ್ನು ಮೊದಲೇ ಒಪ್ಪಿಕೊಂಡು ಮುಂದೆ ಹೋಗೋಣ. ತಂದೆಯ ನೆನಪನ್ನು ಉಳಿಸಿಕೊಳ್ಳಲು ಮಗನ ಓದನ್ನು ತಳ್ಳಿಹಾಕಬೇಕಾದ ಸಂಕಟ ನಿಮಗೆ ಬರಬಾರದು. 12ನೆಯ ಶತಮಾನದ ಕಲ್ಯಾಣದ ಶರಣರಾದ ಹರಳಯ್ಯ ಮತ್ತು ಮಧುವರಸರು ತಮ್ಮ ಮಕ್ಕಳಿಗೆ ಜಾತಿ ಮೀರಿದ ಮದುವೆ ಮಾಡಿಸಿದ್ದಕ್ಕೆ ದೊರೆ ಬಿಜ್ಜಳ ಕೊಡಿಸಿದನೆನ್ನುವ ಎಳೆಹೂಟೆಯ, ಅಂದರೆ ಕಟ್ಟಿ ಎಳೆಸಿ ಕೊಲ್ಲುವ, ಶಿಕ್ಷೆಯನ್ನು ಹೇಳುವ ಸಮಕಾಲೀನ ಶಾಸನ ನಮ್ಮ ಕೈಗೆ ಸಿಕ್ಕಿಲ್ಲ. ಆದರೆ “ಶಾಸನದಲ್ಲಿ ಇಲ್ಲ” ಎನ್ನುವುದರಿಂದ “ನಡೆದೇ ಇಲ್ಲ” ಎನ್ನುವುದಕ್ಕೆ ಒಂದೇ ನೆಗೆತಕ್ಕೆ ಹೋಗುವ ತಪ್ಪನ್ನು ಇತಿಹಾಸ ಓದುವ ಹುಡುಗರು ಮೊದಲ ಒಂದೆರಡು ವರ್ಷ ಮಾಡಿಯೇ ಮಾಡುತ್ತಾರೆ. ನಾನೂ ಮಾಡಿದ್ದೇನೆ, ಅದಕ್ಕೆ ಒಬ್ಬ ಹಿರಿಯರಿಂದ ತಕ್ಕ ಪಾಠವನ್ನೂ ಕಲಿತಿದ್ದೇನೆ, ಆ ಮಾತು ಮುಂದೆ ಬರುತ್ತದೆ.

ಕಲ್ಲುಗಳಿಂದ ಆರಂಭಿಸೋಣ. ಬಿಜ್ಜಳನ ಬಗ್ಗೆ ಅವು ಧಾರಾಳವಾಗಿಯೇ ಮಾತನಾಡುತ್ತವೆ. ಅವನು ಕಳಚುರಿ ಮನೆತನದವನು. ಇಂದು ಸೊಲ್ಲಾಪುರ ಜಿಲ್ಲೆಯಲ್ಲಿರುವ ಮಂಗಳವೇಢೆ ಆ ಮನೆತನದ ನೆಲೆ. ಕಲ್ಯಾಣದ ಚಾಲುಕ್ಯರ ಕೈಕೆಳಗೆ ಮಹಾಮಂಡಲೇಶ್ವರನಾಗಿದ್ದಾಗ ಅವನ ವಶದಲ್ಲಿದ್ದ ತರ್ದವಾಡಿ ಸಾವಿರ ಎಂಬ ನಾಡಿನ ಬಹುಭಾಗ ನಮ್ಮ ಇಂದಿನ ವಿಜಯಪುರ ಜಿಲ್ಲೆಯಲ್ಲೇ ಇದೆ. ಭೀಮಾ ತೀರದ ತದ್ದೇವಾಡಿಯ ಹೆಸರಿನಲ್ಲಿ ಅದರ ನೆನಪು ಇನ್ನೂ ಉಳಿದಿದೆ. ಚಾಲುಕ್ಯ ದೊರೆ ಮೂರನೆಯ ತೈಲಪನ ಹಿಡಿತ ಸಡಿಲವಾದಂತೆ ಬಿಜ್ಜಳ 1157ರ ಹೊತ್ತಿಗೆ ರಾಜ್ಯದ ಸೂತ್ರವನ್ನು ಕೈಗೆ ತೆಗೆದುಕೊಂಡ. 1162ರ ಹೊತ್ತಿಗೆ ಚಕ್ರವರ್ತಿಗೆ ಸಲ್ಲುವ ಬಿರುದುಗಳನ್ನೂ ಹಾಕಿಸಿಕೊಂಡ. 1167-68ರಿಂದ ಮುಂದಿನ ಕಲ್ಲುಗಳಲ್ಲಿ ಅವನ ಮಗ ಸೋವಿದೇವನ ಹೆಸರು ಬರತೊಡಗುತ್ತದೆ. ವಿಜಯಪುರಕ್ಕೆ ಹೋಗುವಾಗ ನೀವು ಎಷ್ಟೋ ಸಲ ಹಾದುಹೋಗಿರಬಹುದಾದ ಮನಗೂಳಿಯಲ್ಲಿಯೂ ಬಿಜ್ಜಳನ ಆಳ್ವಿಕೆಯ ಶಾಸನವಿದೆ. ಹೀಗೆ ಅವನ ಪಟ್ಟ, ಬಿರುದು, ದಾನ, ಸಾಮಂತರು ಎಲ್ಲವೂ ಸಿಗುತ್ತವೆ. ಅವನು ಹೇಗೆ ಸತ್ತ ಎಂಬುದು ಮಾತ್ರ ಸಿಗುವುದಿಲ್ಲ.

ಇನ್ನು ಕಾದಂಬರಿಯನ್ನು ಪ್ರೀತಿಸಿದವರಿಗೆ ಸ್ವಲ್ಪ ಕಹಿಯಾಗುವ ಒಂದು ಕಲ್ಲಿನ ಮಾತನ್ನೂ ಹೇಳಬೇಕು. ಇಂದಿನ ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ ಏಕಾಂತದ ರಾಮಯ್ಯನ ಕಥೆಯನ್ನು ಹೇಳುವ, ಸುಮಾರು 1200ರ ದೊಡ್ಡ ಶಾಸನವೊಂದಿದೆ. ಜೈನರೊಡನೆ ಪಂಥ ಕಟ್ಟಿದ ರಾಮಯ್ಯ ತನ್ನ ತಲೆಯನ್ನೇ ಕತ್ತರಿಸಿ ಶಿವನಿಗೆ ಅರ್ಪಿಸಿ ಮರಳಿ ಪಡೆದನೆಂದೂ, ವಾದ ಬಿಜ್ಜಳನ ಮುಂದೆ ಬಂದಾಗ ಅವನು ರಾಮಯ್ಯನಿಗೇ ಜಯಪತ್ರ ಕೊಟ್ಟನೆಂದೂ ಅದು ಹೇಳುತ್ತದೆ. ತಲೆ ಮರಳಿ ಬಂದ ಪವಾಡವನ್ನು ಪಕ್ಕಕ್ಕೆ ಇಟ್ಟರೂ, ಬಿಜ್ಜಳ ತೀರಿದ ಮೂರು ದಶಕಗಳ ನಂತರ ಬರೆಸಿದ ಶೈವರ ಕಲ್ಲೊಂದು ಅವನನ್ನು ಶಿವಭಕ್ತನೊಬ್ಬನಿಗೆ ಮನ್ನಣೆ ಕೊಟ್ಟ ದೊರೆಯೆಂದು ನೆನೆಯುತ್ತದೆ ಎಂಬುದು ಉಳಿಯುತ್ತದೆ. ಕಾದಂಬರಿಯನ್ನು ಕೇಳುತ್ತ ಬೆಳೆದವರ ಮನಸ್ಸಿನಲ್ಲಿ ಕುಳಿತ ಬಿಜ್ಜಳ ಇವನಲ್ಲ. ಅದೇ ಶಾಸನದಲ್ಲಿ ಬಸವಣ್ಣನವರ ಹೆಸರು ಬರುವುದಿಲ್ಲ. ಇದನ್ನು ಹಿಡಿದುಕೊಂಡು ಹಿಂದೆ ಕೆಲವು ವಿದ್ವಾಂಸರು ಬಸವಣ್ಣನವರು ನಿಜವಾಗಿ ಇದ್ದರೇ ಎಂದು ಸಂದೇಹಪಟ್ಟದ್ದೂ ಉಂಟು.

ಆ ಸಂದೇಹಕ್ಕೆ ಉತ್ತರ ಸಿಕ್ಕಿದ್ದು ಬೆಳಗಾವಿ ಜಿಲ್ಲೆಯಲ್ಲಿ. ಹುಕ್ಕೇರಿ ತಾಲೂಕಿನ ಅರ್ಜುನವಾಡದ ಶಾಸನ ಸೇವುಣ ದೊರೆ ಕನ್ನರನ ಕಾಲದ್ದು, 1260ನೆಯ ಇಸವಿಯದು. ತರ್ದವಾಡಿ ನಾಡಿನ ಬಾಗೇವಾಡಿ, ಅಲ್ಲಿಯ ಮಾದಿರಾಜ, ಅವನ ಮಗ ಬಸವರಾಜ ಎಂದು ಅದು ಬಿಡಿಸಿ ಹೇಳುತ್ತದೆ; ಬಸವಣ್ಣನವರ ಅಣ್ಣ ದೇವರಾಜ ಮುನಿಪನನ್ನೂ ಅವನ ಮುಂದಿನವರನ್ನೂ ಹೆಸರಿಸುತ್ತದೆ. ಬಿಜ್ಜಳನ ಕೊನೆಗಾಲದಿಂದ ಎಣಿಸಿದರೆ ಸುಮಾರು 90 ವರ್ಷದ ಅಂತರ. ಮೂರು ತಲೆಮಾರಿನ ದೂರ ಎಂದುಕೊಳ್ಳಿ. ಅಜ್ಜನ ಬಾಯಿಂದ ಕೇಳಿದ್ದನ್ನು ಮೊಮ್ಮಗ ಹೇಳಿ ಬರೆಸಬಹುದಾದಷ್ಟು ಹತ್ತಿರ. ನಿಮ್ಮ ತಂದೆಯವರ “ನಮ್ಮ ನೆಲದ ಸುದ್ದಿ” ಎಂಬ ಮಾತಿಗೆ ಕಲ್ಲಿನ ಸಾಕ್ಷಿ ಬೇಕೆಂದರೆ ಇದೇ ಆ ಸಾಕ್ಷಿ. ನಿಮ್ಮ ಮಗ ಇದನ್ನು ಓದಿರಲಿಕ್ಕೂ ಸಾಕು, ಆದರೆ ಮನೆಯಲ್ಲಿ ಹೇಳಿದಂತೆ ಕಾಣುವುದಿಲ್ಲ. “ಇಲ್ಲ” ಎನ್ನುವುದನ್ನು ಹೇಳುವಾಗ ನಮಗೆ ಇರುವಷ್ಟು ಉತ್ಸಾಹ “ಇದೆ” ಎನ್ನುವುದನ್ನು ಹೇಳುವಾಗ ಇರುವುದಿಲ್ಲ.

ಕಲ್ಲುಗಳ ನಂತರ ಕಾವ್ಯಗಳು, ಪುರಾಣಗಳು. “ಪುರಾಣದವರು ಕಟ್ಟಿದ್ದು” ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ಇಲ್ಲಿ ಸಾಲದು, ಏಕೆಂದರೆ ಪುರಾಣಗಳೆಲ್ಲ ಒಂದೇ ಕಾಲದವಲ್ಲ, ಒಂದೇ ಮಾತನ್ನು ಹೇಳುವುದೂ ಇಲ್ಲ. ಎಲ್ಲಕ್ಕಿಂತ ಹತ್ತಿರದ ಹರಿಹರನ ‘ಬಸವರಾಜದೇವರ ರಗಳೆ’ಯಲ್ಲಿ ಬಾಗೇವಾಡಿಯ ಹುಡುಗ ತಂದೆ ತಾಯಿಯನ್ನು ಕಳೆದುಕೊಂಡು ಅಜ್ಜಿಯ ಮಡಿಲಲ್ಲಿ ಬೆಳೆದು ಜನಿವಾರ ಕಿತ್ತೊಗೆದು ಕೂಡಲಸಂಗಮಕ್ಕೆ ಹೋಗುವ ಚಿತ್ರ ಎದೆಗೆ ತಾಕುವಂತಿದೆ, ಆದರೆ ನಮಗೆ ದೊರೆತಿರುವ ರಗಳೆ ಅಪೂರ್ಣ, ಕಲ್ಯಾಣದ ಕೊನೆಯ ದಿನಗಳು ಅದರಲ್ಲಿ ಇಲ್ಲ. 13ನೆಯ ಶತಮಾನದಲ್ಲಿ ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಬಸವಪುರಾಣ ಬರೆದ. 1369ರಲ್ಲಿ ಭೀಮಕವಿ ಅದನ್ನು ಕನ್ನಡಕ್ಕೆ ತಂದ. ಈ ಪರಂಪರೆಯಲ್ಲಿ ಬಿಜ್ಜಳ ಇಬ್ಬರು ಶರಣರ ಕಣ್ಣು ಕೀಳಿಸಿದನೆಂದು ಬರುತ್ತದೆ, ಆ ಅನ್ಯಾಯಕ್ಕಾಗಿ ಜಗದೇವ ಮತ್ತು ಅವನ ಜೊತೆಗಾರರು ಅರಮನೆಗೆ ನುಗ್ಗಿ ಅರಸನನ್ನು ಕೊಲ್ಲುತ್ತಾರೆ. ಕಟ್ಟಿ ಎಳೆಸಿ ಕೊಂದ ಚಿತ್ರ ಸ್ಪಷ್ಟವಾಗಿ ಸಿಗುವುದು ಇನ್ನೂ ಎರಡು ಶತಮಾನ ಕಳೆದ ಮೇಲೆ, ವಿರೂಪಾಕ್ಷ ಪಂಡಿತನ ‘ಚೆನ್ನಬಸವ ಪುರಾಣ’ದಲ್ಲಿ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ನಡೆದ ಮದುವೆ, ಇಂದು ನಮಗೆ ಇಡೀ ಕಥೆಯ ನಡುಗಂಬವಾಗಿ ಕಾಣುವ ಆ ಮದುವೆ, ಈಗ ನಾವು ತಿಳಿದಿರುವ ವಿವರಗಳೊಂದಿಗೆ ನಂತರದ ಹೇಳಿಕೆಗಳಲ್ಲಿ ಬೆಳೆದುಬಂದದ್ದು.

ಇದನ್ನು ಕೇಳಿ ನಿಮಗೆ ಇನ್ನಷ್ಟು ಬೇಸರವಾಗಬಹುದು. ಸ್ವಲ್ಪ ತಾಳಿ. ಇನ್ನೊಂದು ಕಡೆಯ ಹೇಳಿಕೆಯನ್ನೂ ಕೇಳಬೇಕು. ಜೈನರ ಪರಂಪರೆಯಲ್ಲಿ ‘ಬಿಜ್ಜಳರಾಯ ಚರಿತೆ’ ಎಂಬ ಕೃತಿ ಇದೆ. ಅದರ ಪ್ರಕಾರ ಬಿಜ್ಜಳ ಕೊಲ್ಲಾಪುರದ ದಂಡಯಾತ್ರೆ ಮುಗಿಸಿ ಮರಳುವಾಗ ಭೀಮಾ ನದಿಯ ದಂಡೆಯಲ್ಲಿ ಬೀಡುಬಿಟ್ಟಿದ್ದ, ಅಲ್ಲಿ ವಿಷ ಸೇರಿಸಿದ ಹಣ್ಣು ಕೊಟ್ಟು ಅವನನ್ನು ಕೊಲ್ಲಿಸಲಾಯಿತು. ಬಸವಣ್ಣನವರ ಬಗ್ಗೆ ಅದು ಆಡುವ ಮಾತುಗಳು ಶರಣರ ಪುರಾಣಗಳು ಬಿಜ್ಜಳನ ಬಗ್ಗೆ ಆಡುವ ಮಾತುಗಳಷ್ಟೇ ಕಟುವಾಗಿವೆ. ಈಗ ಈ ಎರಡನ್ನೂ ತಕ್ಕಡಿಯ ಎರಡು ತಟ್ಟೆಯಲ್ಲಿ ಇಟ್ಟು ನೋಡಿ. ಒಬ್ಬರಿಗೊಬ್ಬರು ಆಗದ ಎರಡು ಗುಂಪಿನವರು ಕತ್ತಿಯೋ ವಿಷವೋ, ಅರಮನೆಯೋ ಹೊಳೆದಂಡೆಯೋ ಎಂಬುದರಲ್ಲಿ ಜಗಳವಾಡುತ್ತಾರೆ. ಆದರೆ ಅರಸನಿಗೂ ಶರಣರಿಗೂ ನಡುವೆ ಕಿಡಿ ಹತ್ತಿತ್ತು, ಅರಸ ಹಾಸಿಗೆಯಲ್ಲಿ ಮಲಗಿ ಸಾಯಲಿಲ್ಲ, ಬಸವಣ್ಣನವರು ಕಲ್ಯಾಣ ಬಿಟ್ಟು ಹೊರಟರು ಎಂಬ ಮೂರು ಮಾತಿನಲ್ಲಿ ಇಬ್ಬರೂ ಒಂದಾಗುತ್ತಾರೆ. ಹಗೆಯವರಿಬ್ಬರೂ ಒಪ್ಪಿಕೊಳ್ಳುವ ಮಾತಿಗೆ ಕೋರ್ಟಿನಲ್ಲಿ ತೂಕ ಇರುವ ಹಾಗೆ ಇತಿಹಾಸದಲ್ಲೂ ತೂಕವಿದೆ. ಎಳೆಹೂಟೆಯ ವಿವರವನ್ನು ನಾನು ಇತಿಹಾಸ ಎಂದು ಪಾಠ ಮಾಡಲಾರೆ. ಕಲ್ಯಾಣದಲ್ಲಿ ದೊಡ್ಡ ಅನಾಹುತವೊಂದು ನಡೆಯಿತು ಎಂಬುದನ್ನು ಮಾತ್ರ ಧೈರ್ಯದಿಂದ ಪಾಠ ಮಾಡುತ್ತೇನೆ, ಮಾಡಿದ್ದೇನೆ.

ಹಾಗಾದರೆ ಪುಟ್ಟಸ್ವಾಮಯ್ಯನವರು ಮಾಡಿದ್ದೇನು? ಅವರು ಪತ್ರಕರ್ತರು, ವೃತ್ತಿ ರಂಗಭೂಮಿಗೆ ನಾಟಕ ಬರೆದುಕೊಟ್ಟವರು. ಕಲ್ಯಾಣದ ಕಾಲವನ್ನು ಕುರಿತು ಅವರು ಬರೆದ ಆರು ಕಾದಂಬರಿಗಳ ಮಾಲೆಯಲ್ಲಿ ‘ಕ್ರಾಂತಿ ಕಲ್ಯಾಣ’ ಕೊನೆಯದು. 1964ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂತು. ಕಲ್ಲಿನಿಂದ ಅರಸರ ಹೆಸರು ಮತ್ತು ಕಾಲವನ್ನೂ, ಪುರಾಣದಿಂದ ಘಟನೆಗಳನ್ನೂ ತೆಗೆದುಕೊಂಡು, ಎರಡರ ನಡುವೆ ಬಾಯಿ ಬಿಟ್ಟ ದೊಡ್ಡ ಬಿರುಕನ್ನು ತಮ್ಮ ಊಹೆಯಿಂದ ತುಂಬಿದರು. ಅರಮನೆಯ ಒಳಸಂಚು, ಮುಚ್ಚಿದ ಬಾಗಿಲ ಹಿಂದಿನ ಮಾತುಕತೆ, ಪಾತ್ರಗಳ ಒಳಗುದಿ, ಇವು ಯಾವ ಕಲ್ಲಿನಲ್ಲೂ ಇಲ್ಲ, ಇರಲೂ ಸಾಧ್ಯವಿಲ್ಲ. ನನ್ನ ಓದಿಗೆ ಕೆಲವು ಕಡೆ ಕಂಪನಿ ನಾಟಕದ ಗುಂಗು ಹೆಚ್ಚಾಯಿತೇನೋ ಎನ್ನಿಸಿದ್ದುಂಟು. ಪರದೆ ಏಳುವ ಸದ್ದು ಕೇಳಿಸಿದಂತೆಯೇ ಆಗುತ್ತದೆ. ಆದರೆ ನಿಮ್ಮ ಪತ್ರ ಓದಿದ ಮೇಲೆ ಆ ಆಕ್ಷೇಪಣೆಯನ್ನು ಸ್ವಲ್ಪ ಸಡಿಲಿಸಬೇಕಾಗಿದೆ. ನಾಟಕಕಾರನ ಸಂಭಾಷಣೆ ಕಣ್ಣಿಗಿಂತ ಕಿವಿಗೆ ಬರೆದದ್ದು. ಶ್ರಾವಣದ ರಾತ್ರಿ ಪಡಸಾಲೆಯಲ್ಲಿ ಗಟ್ಟಿಯಾಗಿ ಓದುವವರಿಗೆ ಅದು ಒದಗಿ ಬಂದಷ್ಟು, ಒಬ್ಬನೇ ಕೋಣೆಯಲ್ಲಿ ಕುಳಿತು ಅಡಿಗೆರೆ ಎಳೆಯುತ್ತ ಓದುವ ನನ್ನಂಥವನಿಗೆ ಒದಗಿರಲಿಕ್ಕಿಲ್ಲ. ನಮ್ಮ ಭಾಗದಲ್ಲಿ ಶ್ರಾವಣವೆಂದರೆ ಮೊದಲಿನಿಂದಲೂ ಪುರಾಣ ಹಚ್ಚುವ ತಿಂಗಳು. ನಿಮ್ಮ ತಂದೆಯವರು ಪುರಾಣದ ಜಾಗದಲ್ಲಿ ಕಾದಂಬರಿಯನ್ನು ಕೂಡಿಸಿದರು.

ಈ ಮಾತಿಗೆ ಸೇರಿಸಬೇಕಾದ ಇನ್ನೊಬ್ಬರಿದ್ದಾರೆ. ಅವರಿಲ್ಲದೆ ಈ ಕಾದಂಬರಿಯೇ ಹುಟ್ಟುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ. ವಿಜಯಪುರದಲ್ಲಿ ವಕೀಲಿ ಮಾಡಿಕೊಂಡಿದ್ದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ, ಮನೆಗಳ ಜಗುಲಿಯಲ್ಲಿ ಪೂಜೆಗೆ ಕಟ್ಟಿಟ್ಟಿದ್ದ ತಾಡವೋಲೆಗಳನ್ನು ಬೇಡಿ ತಂದು, ಬಿಡಿಸಿ ಓದಿ, ಪ್ರತಿ ಮಾಡಿ ವಚನಗಳನ್ನು ಕೂಡಿಸಿದರು. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಯಿತು. ಬೇರೆಯವರ ಮುದ್ರಣಾಲಯಗಳ ಬಾಗಿಲು ಕಾಯುವುದು ಸಾಕೆಂದು ಅವರು 1925ರಲ್ಲಿ ವಿಜಯಪುರದಲ್ಲೇ ‘ಹಿತಚಿಂತಕ’ ಮುದ್ರಣಾಲಯ ತೆರೆದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ಹೊರಡಿಸಿದರು. ಅಂಬಿಗ, ಮಡಿವಾಳ, ಸಮಗಾರ, ಕದಿರ ಕಾಯಕದ ಹೆಣ್ಣುಮಗಳು, ಇವರೆಲ್ಲ ಒಂದೇ ಕಾಲದಲ್ಲಿ ಒಂದೇ ಊರಿನ ಸುತ್ತ ಕುಳಿತು ತಮ್ಮ ತಮ್ಮ ಅಂಕಿತ ಹಾಕಿ ಮಾತನಾಡಿದರು ಎಂಬ ಸಂಗತಿ ಸಾಮಾನ್ಯ ಓದುಗರ ಕಣ್ಣಿಗೆ ಕಟ್ಟಿದ್ದು ಆ ಅಚ್ಚಿನ ಹಾಳೆಗಳಿಂದಲೇ. ವಚನಗಳನ್ನು ಪುರಾಣದ ಸಾಲಿಗೆ ಸೇರಿಸಬೇಡಿ ಎಂದು ನಿಮ್ಮ ಮಗನಿಗೆ ಹೇಳಿರಿ. ಕೆಲವು ವಚನಗಳ ಪಾಠದ ಬಗ್ಗೆ, ಕಾಲದ ಬಗ್ಗೆ ಚರ್ಚೆ ಇದ್ದರೂ, ಒಟ್ಟಾರೆಯಾಗಿ ಅವು ಆ ಕಾಲದವರ ಬಾಯಿಂದಲೇ ಬಂದ ಮಾತು. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ, ಅಂದರೆ ‘ಕ್ರಾಂತಿ ಕಲ್ಯಾಣ’ದ ಪ್ರಶಸ್ತಿಯ ವರ್ಷದಲ್ಲೇ. ಇದು ಬರಿಯ ಕಾಕತಾಳೀಯ. ಆದರೂ ಪ್ರತಿ ಸಲ ಆ ಇಸವಿಯನ್ನು ಬರೆಯುವಾಗ ನನ್ನ ಕೈ ಒಂದು ಗಳಿಗೆ ನಿಲ್ಲುತ್ತದೆ.

ಈಗ ನನ್ನ ತಪ್ಪಿನ ಕಥೆ. ನೌಕರಿಗೆ ಸೇರಿದ ಹೊಸತರಲ್ಲಿ ಇಂಡಿ ಕಡೆಯ ಒಂದು ಹಳ್ಳಿಗೆ ಶಾಸನದ ಪಡಿಯಚ್ಚು ತೆಗೆಯಲು ಹೋಗಿದ್ದೆ. ಗುಡಿಯ ಮುಂದಿನ ಕಲ್ಲನ್ನು ತೊಳೆದು, ಒದ್ದೆ ಕಾಗದ ಹಚ್ಚಿ, ಕುಂಚದಿಂದ ಬಡಿದು, ಮಸಿ ಒತ್ತುತ್ತಿರುವಾಗ ಊರಿನ ಹಿರಿಯರೊಬ್ಬರು ಬಂದು ಕಟ್ಟೆಯ ಮೇಲೆ ಕುಳಿತರು. ಬಹಳ ಹೊತ್ತು ಸುಮ್ಮನೆ ನೋಡಿ, “ಇದರಾಗ ಬಸವಣ್ಣ ಅದಾನೇನ್ರೀ?” ಎಂದು ಕೇಳಿದರು. ನಾನು ಗತ್ತಿನಿಂದ, ಇಲ್ಲ, ಇದರಲ್ಲಿ ಇರುವುದು ದೇವರಿಗೆ ಬಿಟ್ಟ ಭೂಮಿಯ ಅಳತೆ, ಗಾಣದ ಎಣ್ಣೆಯ ಲೆಕ್ಕ, ದಾನಕ್ಕೆ ತಪ್ಪಿದವರಿಗೆ ಶಾಪ, ಬಸವಣ್ಣನವರ ಕಥೆಯೆಲ್ಲ ಪುರಾಣದವರು ಕಟ್ಟಿದ್ದು ಎಂದು ನಿಮ್ಮ ಮಗನ ಮಾತನ್ನೇ ಆಡಿದೆ. ಅವರು ಸಿಟ್ಟಾಗಲಿಲ್ಲ. “ಹಂಗಾದ್ರ ಇದು ಹೊಲದ ಉತಾರ ಇದ್ದಂಗಾತು. ಉತಾರದಾಗ ಸರ್ವೆ ನಂಬರ ಬರೀತಾರ, ಎಕರೆ ಗುಂಟೆ ಬರೀತಾರ. ಆ ಹೊಲದ ಸಲುವಾಗಿ ಅಣ್ಣತಮ್ಮ ಹೊಡದಾಡಿದ್ದು, ಅವ್ವ ಅತ್ತಿದ್ದು ಬರೀತಾರೇನ್ರೀ?” ಎಂದರು.

ನಾನು ಮಸಿ ಕೈಯಲ್ಲಿ ನಿಂತುಬಿಟ್ಟೆ. ಮುಂದೆ ಎಷ್ಟೋ ವರ್ಷ ತರಗತಿಯಲ್ಲಿ ಶಾಸನವೆಂದರೇನು ಎಂದು ವಿವರಿಸುವಾಗ ಈ ಉತಾರದ ಹೋಲಿಕೆಯನ್ನೇ ಬಳಸಿದ್ದೇನೆ, ಅದಕ್ಕಿಂತ 1 ಅಕ್ಷರ ಹೆಚ್ಚಿನದನ್ನು ನನ್ನಿಂದ ಹೇಳಲಾಗಲಿಲ್ಲ. ಶಾಸನ ಒಂದು ಕೊಡುಗೆಯ ಕಾಗದ. ಯಾರು, ಯಾರಿಗೆ, ಎಷ್ಟು, ಎಂದು ಕೊಟ್ಟರು ಎಂಬುದನ್ನು ಮುಂದೆ ತಕರಾರು ಬರಬಾರದೆಂದು ಕೆತ್ತಿಸಿ ಇಟ್ಟದ್ದು. ಇಬ್ಬರು ಶರಣರನ್ನು ಕೊಲ್ಲಿಸಿದ ಸುದ್ದಿಯನ್ನು ಕೊಲ್ಲಿಸಿದ ದೊರೆ ಕೆತ್ತಿಸುವುದಿಲ್ಲ. ಊರು ಬಿಟ್ಟು ಓಡುತ್ತಿರುವವರಿಗೆ ಕಲ್ಲು ಕೆತ್ತಿಸಲು ಪುರುಸೊತ್ತೂ ಇಲ್ಲ, ಹೊನ್ನೂ ಇಲ್ಲ. ಹೀಗಾಗಿ ಆ ಮೌನದಿಂದ ಘಟನೆ ನಡೆಯಿತು ಎಂದೂ ಸಾಧಿಸಲಾಗದು, ನಡೆಯಲಿಲ್ಲ ಎಂದೂ ಸಾಧಿಸಲಾಗದು. ಐತಿಹಾಸಿಕ ಕಾದಂಬರಿ ಕೆಲಸ ಮಾಡುವುದು ಸರಿಯಾಗಿ ಆ ಜಾಗದಲ್ಲಿ, ಉತಾರದಲ್ಲಿ ಬರೆಯದೆ ಬಿಟ್ಟ ಅಳುವಿನ ಜಾಗದಲ್ಲಿ. ನಿಮ್ಮ ತಂದೆ ಕನ್ನಡಕ ಒರೆಸಿಕೊಳ್ಳುತ್ತಿದ್ದದ್ದು 12ನೆಯ ಶತಮಾನದ ದಾಖಲೆಯೊಂದಕ್ಕಾಗಿ ಎಂದುಕೊಂಡದ್ದರಿಂದ ನಿಮಗೆ ಈಗ ಮೋಸವಾದಂತೆ ಅನ್ನಿಸುತ್ತಿದೆ. ದಿನವಿಡೀ ಕೀರ್ದಿ ಖಾತೆ ಬರೆಯುತ್ತಿದ್ದ ಮನುಷ್ಯನಿಗೆ ದಾಖಲೆ ಯಾವುದು, ಕಥೆ ಯಾವುದು ಎಂಬುದು ನಮ್ಮಿಬ್ಬರಿಗಿಂತ ಚೆನ್ನಾಗಿ ಗೊತ್ತಿತ್ತೆಂದು ನನಗೆ ತೋರುತ್ತದೆ. “ಬರೇ ಕಥಿ ಅಲ್ಲ” ಎಂದರೇ ಹೊರತು “ಕಥಿ ಅಲ್ಲ” ಎಂದು ಅವರು ಹೇಳಲಿಲ್ಲ, ನೋಡಿ.

ಇನ್ನು ಕೊನೆಯ ಹಾಳೆಯ ಪಟ್ಟಿ. ಅದು ವಸೂಲಿ ಪಟ್ಟಿ ಖಂಡಿತ ಅಲ್ಲ. ತಾಳಿಕೋಟೆಯ ಅಡತಿ ಅಂಗಡಿಗೆ ಮಾಲು ತರುವ ರೈತರು ಕಕ್ಕೇರಿಯ ಕಾಡಂಚಿನಿಂದ ಬರುವುದಿಲ್ಲ. ಆ ನಾಲ್ಕೂ ಊರುಗಳು ಕಲ್ಯಾಣದಿಂದ ಚದುರಿದ ಶರಣರು ಹೋದ ದಾರಿ ಎಂದು ಜನ ನೆನಪಿಟ್ಟುಕೊಂಡಿರುವ ದಾರಿಯಲ್ಲಿವೆ. ಮೊದಲ ಮೂರು ಬೆಳಗಾವಿ ಜಿಲ್ಲೆಯವು. ಕಾದರವಳ್ಳಿಯಲ್ಲಿ ಬೆನ್ನಟ್ಟಿ ಬಂದ ಸೈನ್ಯಕ್ಕೂ ಶರಣರಿಗೂ ಕಾಳಗವಾಯಿತೆಂದು ಹೇಳುತ್ತಾರೆ. ಕಾದಾಡಿದ್ದರಿಂದಲೇ ಊರಿಗೆ ಆ ಹೆಸರು ಬಂತೆಂಬ ಮಾತೂ ಇದೆ, ಅದನ್ನು ಭಾಷೆ ಬಲ್ಲವರು ಒಪ್ಪಲೇಬೇಕೆಂದಿಲ್ಲ. ಮಲಪ್ರಭೆಯ ದಂಡೆಯ ಮುಗುಟಖಾನ ಹುಬ್ಬಳ್ಳಿಯಲ್ಲಿ ಬಸವಣ್ಣನವರ ಮಡದಿ ಗಂಗಾಂಬಿಕೆಯವರ ಐಕ್ಯಮಂಟಪವಿದೆ. ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನವರ ಸಮಾಧಿ ಇದೆ. ಉಳವಿ ಉತ್ತರ ಕನ್ನಡದ ದಟ್ಟ ಕಾಡಿನಲ್ಲಿದೆ, ಚೆನ್ನಬಸವಣ್ಣನವರು ಐಕ್ಯರಾದ ಸ್ಥಳ. ಬೀದರ ಜಿಲ್ಲೆಯ ಕಲ್ಯಾಣದಿಂದ ಅಲ್ಲಿಗೆ 400 ಕಿಲೋಮೀಟರಿಗೂ ಮಿಕ್ಕಿದ ಹಾದಿ. ವಚನದ ಕಟ್ಟುಗಳನ್ನು ಹೊತ್ತು, ಹೆಂಗಸರು ಮಕ್ಕಳ ಸಮೇತ ನಡೆದವರ ಹಾದಿ ಎಂದು ನಮ್ಮ ಜನ ನಂಬುತ್ತಾರೆ.

ಕಲ್ಲು, ಓಲೆ, ಅಚ್ಚಿನ ಪುಸ್ತಕ ಇವುಗಳ ಜೊತೆಗೆ ಇದೂ ಒಂದು ಬಗೆಯ ಸಾಕ್ಷಿ. ಬಹಳ ದುರ್ಬಲ ಸಾಕ್ಷಿ ಎಂದು ಒಪ್ಪುತ್ತೇನೆ. ಊರುಗಳು ತಮ್ಮ ಹಿರಿಮೆಗಾಗಿ ಕಥೆ ಕಟ್ಟಿಕೊಳ್ಳುವುದು ಹೊಸತಲ್ಲ. ಆದರೆ ಬೇರೆ ಬೇರೆ ಊರುಗಳವರು ತಮ್ಮೂರಿನ ತುಂಡನ್ನು ಮಾತ್ರ ಹೇಳುತ್ತಿದ್ದು, ಆ ತುಂಡುಗಳನ್ನು ನಕ್ಷೆಯ ಮೇಲೆ ಇಟ್ಟಾಗ ಮಲೆನಾಡಿನ ಕಡೆಗೆ ಸಾಗುವ ಒಂದು ಗೆರೆ ತಾನಾಗಿ ಮೂಡಿದರೆ, ಇತಿಹಾಸಕಾರ ಅದನ್ನು ಕಡೆಗಣಿಸಬಾರದು. ವಿಚಿತ್ರವೆಂದರೆ, ಶರಣರಿಗೆ ಹಗೆಯಾದ ಆ ಜೈನ ಕೃತಿಯೂ ಬಸವಣ್ಣನವರ ಕೊನೆಯನ್ನು ಉಳವಿಗೇ ತಂದು ಮುಟ್ಟಿಸುತ್ತದೆ. ವಿವರ ತೀರ ಬೇರೆ, ದಿಕ್ಕು ಮಾತ್ರ ಅದೇ.

ನನ್ನ ಊಹೆ ಇಷ್ಟು: ನಿಮ್ಮ ತಂದೆಯವರು ಪುಸ್ತಕ ಮುಗಿಸಿದ ಮೇಲೆ ಆ ದಾರಿಯನ್ನು ಕಣ್ಣಾರೆ ನೋಡಲು ಹೊರಟಿದ್ದರು. ಅಂಗಡಿಯ ರಜೆ ಸಿಕ್ಕಾಗ ಒಂದೊಂದು ಊರಿಗೆ ಹೋಗಿ ಬಂದು, ಲೆಕ್ಕ ತಾಳೆ ನೋಡಿದವರಂತೆ ಸರಿ ಗುರುತು ಹಾಕಿದ್ದಾರೆ. ಬೆಳಗಾವಿಗೆ, ಧಾರವಾಡಕ್ಕೆ ಏನೋ ಕೆಲಸವಿದೆ ಎಂದು ಹೇಳಿ ಹೋಗಿ ಒಂದು ದಿನ ತಡವಾಗಿ ಬಂದ ಸಂದರ್ಭಗಳು ನಿಮ್ಮ ತಾಯಿಯವರಿಗೆ ನೆನಪಿರಬಹುದು, ಕೇಳಿ ನೋಡಿರಿ. ನಾಲ್ಕನೆಯ ಊರಿಗೆ ಅವರು ಮುಟ್ಟಲಿಲ್ಲವೆಂದು ಕಾಣುತ್ತದೆ. ಉಳವಿಯ ಜಾತ್ರೆ ಮಾಘ ಮಾಸದ ಭಾರತ ಹುಣ್ಣಿಮೆಗೆ. ಬೆಳಗಾವಿ, ಧಾರವಾಡದ ಹಳ್ಳಿಗಳಿಂದ ಇಂದಿಗೂ ಸಾಲು ಸಾಲು ಚಕ್ಕಡಿಗಳು ಎತ್ತಿಗೆ ಜೂಲು ಹಾಕಿ, ಗೆಜ್ಜೆ ಕಟ್ಟಿ ಅಲ್ಲಿಗೆ ಹೋಗುತ್ತವೆ. ನಿಮಗೆ ಬಸ್ಸು ಸಾಕು.

ಮಗನನ್ನು ಕರೆದುಕೊಂಡು ಹೋಗುವುದಾದರೆ ಉಳವಿಗಿಂತ ಮೊದಲು ಕೂಡಲಸಂಗಮಕ್ಕೆ ಹೋಗಿರಿ. ನಿಮ್ಮ ಊರಿನಿಂದ ದೂರವೇನಿಲ್ಲ. ನೀವು ಎಷ್ಟೋ ಸಲ ನೋಡಿದ ಜಾಗವನ್ನೇ ಈ ಸಲ ಅವನ ಕಣ್ಣಿನಿಂದ ನೋಡಿರಿ. ಕೃಷ್ಣೆ ಮಲಪ್ರಭೆ ಕೂಡುವಲ್ಲಿ ಚಾಲುಕ್ಯ ಶೈಲಿಯ ಸಂಗಮನಾಥನ ಗುಡಿ ನಿಂತಿದೆ. ಅದು ಕಲ್ಲಿನ ಮಾತು. ಕೆಲವು ಹೆಜ್ಜೆ ಮುಂದೆ ಐಕ್ಯಮಂಟಪ. ಅದು ನಂಬಿಕೆಯ ಮಾತು. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಮೇಲೇರಿದಾಗ ಆ ಮಂಟಪವನ್ನು ಮುಳುಗಲು ಬಿಡದೆ ಸುತ್ತ ಬಾವಿಯಂತೆ ಗೋಡೆ ಕಟ್ಟಿ ಉಳಿಸಿಕೊಂಡರು. ಈಗ ನೀರಿನ ನಡುವೆ ಮೆಟ್ಟಿಲಿಳಿದು ಅದನ್ನು ನೋಡಬೇಕು. ಕೃಷ್ಣೆಯ ಹಿನ್ನೀರಿನಲ್ಲಿ ಎಷ್ಟೋ ಹೊಲ ಮನೆಗಳು ಉತಾರದ ಸಮೇತ ಮುಳುಗಿದವು. ಉತಾರವೇ ಇಲ್ಲದ ಆ ಚಿಕ್ಕ ಮಂಟಪಕ್ಕೆ ಮಾತ್ರ ಜನ ನೀರಿನೊಳಗೆ ಗೋಡೆ ಎಬ್ಬಿಸಿದರು. ಇತಿಹಾಸ ಓದುವ ಹುಡುಗ ಅಲ್ಲಿ ನಿಂತು ಯೋಚಿಸಬೇಕಾದದ್ದು ಬಹಳವಿದೆ. ಅರ್ಜುನವಾಡ ಶಾಸನದ ಅಚ್ಚಾದ ಪಾಠ ಅವನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸಿಗುತ್ತದೆ. ಅದನ್ನು ಪ್ರತಿ ಮಾಡಿ ತಂದು, ಈ ಶ್ರಾವಣದಲ್ಲಿ ಕಾದಂಬರಿ ಓದುವ ಮುನ್ನ ಅವನೇ ಮನೆಯವರಿಗೆ ಓದಿ ಅರ್ಥ ಹೇಳಲಿ. ಅಜ್ಜನ ಪುಸ್ತಕವನ್ನು ನೀವು ಓದಿರಿ. ಒಂದರ ಬದಲಿಗೆ ಇನ್ನೊಂದು ಎಂದಲ್ಲ, ಒಂದಾದ ಮೇಲೆ ಇನ್ನೊಂದು.

ಪುಸ್ತಕದ ಹೊಲಿಗೆಯ ಬಗ್ಗೆ ಕೇಳಿದ್ದೀರಿ. ದಯವಿಟ್ಟು ಪಾರದರ್ಶಕ ಅಂಟುಪಟ್ಟಿ ಹಚ್ಚಬೇಡಿರಿ. ಕೆಲವೇ ವರ್ಷಗಳಲ್ಲಿ ಅದರ ಗೋಂದು ಹಳದಿಯಾಗಿ ಕಾಗದವನ್ನು ತಿನ್ನುತ್ತದೆ, ಕಿತ್ತರೆ ಅಕ್ಷರವೂ ಜೊತೆಗೆ ಬರುತ್ತದೆ. ಹಾಳೆಗಳಿಗೆ ಲ್ಯಾಮಿನೇಷನ್ ಮಾಡಿಸುವ ವಿಚಾರವನ್ನೂ ಬಿಡಿರಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಮಳೆಗಾಲದಲ್ಲಿ ಒಳಗೇ ಬೆವರಿ ಬೂಸಲು ಹಿಡಿಯುತ್ತದೆ. ತೊಳೆದು ಒಣಗಿಸಿದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದ ಕಪಾಟಿನಲ್ಲಿ ಇಟ್ಟು, ತಿಂಗಳಿಗೊಮ್ಮೆ ನೆರಳಿನಲ್ಲಿ ತೆರೆದು ಗಾಳಿಗೆ ಇಟ್ಟರೆ ಸಾಕು. ಪೆನ್ಸಿಲಿನ ಬರಹ ಶಾಯಿಯಂತೆ ನೀರಿಗೆ ಹರಡುವುದಿಲ್ಲ, ಆದರೆ ಬೆರಳು ತಿಕ್ಕಿದರೆ ಮಾಸುತ್ತದೆ; ಆದ್ದರಿಂದ ಆ ಹಾಳೆಯ ಮೇಲೆ ಒಂದು ತೆಳುವಾದ ಬಿಳಿ ಕಾಗದವನ್ನು ಅಂಟಿಸದೆ ಸುಮ್ಮನೆ ಇಟ್ಟಿರಿ, ಮೊಬೈಲಿನಲ್ಲಿ ಒಂದು ಚಿತ್ರವನ್ನೂ ತೆಗೆದಿಟ್ಟುಕೊಳ್ಳಿರಿ. ಹೊಸದಾಗಿ ಬೈಂಡ್ ಮಾಡಿಸುವುದಾದರೆ ಅಂಗಡಿಯಲ್ಲಿ ಬಿಟ್ಟು ಬರಬೇಡಿರಿ, ಎದುರಿಗೆ ಕುಳಿತು ಮಾಡಿಸಿರಿ. ಬೈಂಡಿಂಗ್ ಮಾಡುವವರು ಹಳೆಯ ಪುಸ್ತಕದ ಮೊದಲ ಮತ್ತು ಕೊನೆಯ ಖಾಲಿ ಹಾಳೆಗಳನ್ನು ಕಸವೆಂದು ತಿಳಿದು ಕಿತ್ತು ಹೊಸ ಕಾಗದ ಹಚ್ಚುತ್ತಾರೆ, ಅಂಚುಗಳನ್ನೂ ಸಮ ಮಾಡಲು ಕತ್ತರಿಸುತ್ತಾರೆ. ಆ ಎರಡನ್ನೂ ಮಾಡಕೂಡದೆಂದು ಹೊಲಿಗೆಗೆ ಸೂಜಿ ಹಾಕುವ ಮೊದಲೇ ಹೇಳಿರಿ.